ನಗರದ ಮಕ್ಕಳಿಗೆ ಗ್ರಹದರ್ಶನ

ಮಹಾನಗರದಲ್ಲಿ ಬೆಳೆಯುತ್ತಿರುವ ಕನ್ನಡದ ಮಗುವಿಗೆ ಗ್ರಹಗಳ ಹೆಸರುಗಳು ಅಪರಿಚಿತವಲ್ಲ. ಮಂಗಳವಾರದಿಂದ ಶನಿವಾರದವರೆಗಿನ ಐದು ದಿನಗಳಿಗೂ ಗ್ರಹಗಳ ಹೆಸರೇ ಇದೆ. ಮನೆಯಲ್ಲಿ ಮದುವೆಯ ಮಾತುಕತೆ ನಡೆದಾಗ ಗುರುಬಲದ ಪ್ರಸ್ತಾಪವನ್ನೂ, ಯಾರಿಗಾದರೂ ಉದ್ಯೋಗದಲ್ಲಿ ತೊಡಕುಂಟಾದಾಗ ಸಾಡೇಸಾತಿಯ ಪ್ರಸ್ತಾಪವನ್ನೂ ಅದು ಕೇಳಿರುತ್ತದೆ. ಸೂರ್ಯನಿಂದ ಆರನೆಯ ಗ್ರಹ ಶನಿ ಎಂದು ಪಠ್ಯಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆದಿರುತ್ತದೆ. ಆದರೆ ಒಂದು ಸಂಜೆ ಅದೇ ಮಗುವನ್ನು ಕಟ್ಟಡದ ಮಾಳಿಗೆಗೆ ಕರೆದೊಯ್ದು, "ಶನಿ ಎಲ್ಲಿದ್ದಾನೆ, ತೋರಿಸು" ಎಂದರೆ ಮಗುವೂ ನಿರುತ್ತರ, ಜೊತೆಯಲ್ಲಿ ಬಂದ ತಂದೆತಾಯಿಯರೂ ನಿರುತ್ತರ. ಹೆಸರು ಪರಿಚಿತ, ಮುಖ ಅಪರಿಚಿತ ಎಂಬಂತಾಗಿದೆ ಅವರ ಪರಿಸ್ಥಿತಿ.

ಈ ಮುಖಪರಿಚಯವನ್ನು ಮಾಡಿಸಿಕೊಡುವ ಕೆಲಸವನ್ನು ದೇಶದ ಹಲವು ನಗರಗಳಲ್ಲಿ ಹವ್ಯಾಸಿ ಖಗೋಳವೀಕ್ಷಕರು ಸದ್ದಿಲ್ಲದೆ ನಡೆಸಿಕೊಂಡು ಬಂದಿದ್ದಾರೆ. ಇವರಲ್ಲಿ ಬಹುಪಾಲು ಜನ ವೃತ್ತಿಯಿಂದ ವಿಜ್ಞಾನಿಗಳಲ್ಲ. ಹಗಲೆಲ್ಲ ಕಚೇರಿ, ಕಾರ್ಖಾನೆ, ಶಾಲೆಗಳಲ್ಲಿ ದುಡಿದು, ರಜೆಯ ಹಿಂದಿನ ಸಂಜೆ ತಮ್ಮ ದೂರದರ್ಶಕವನ್ನು ಹೊತ್ತುಕೊಂಡು ಯಾವುದಾದರೊಂದು ಶಾಲೆಯ ಅಂಗಳಕ್ಕೆ ಬರುತ್ತಾರೆ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬರಾಗಿ ಕಣ್ಣಿಟ್ಟು ಗುರುವನ್ನೋ ಶನಿಯನ್ನೋ ನೋಡುತ್ತಾರೆ. ಒಂದು ಮಗುವಿಗೆ ದೊರೆಯುವ ಅವಕಾಶ ಒಂದು ನಿಮಿಷಕ್ಕಿಂತ ಹೆಚ್ಚಿಲ್ಲ. ಆದರೂ ಆ ಒಂದು ನಿಮಿಷದ ಬೆಲೆ ದೊಡ್ಡದು. ಅದು ಹೇಗೆ ಎಂಬುದನ್ನು ತಿಳಿಯುವುದು ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಉಪಯುಕ್ತವಾದೀತು.

ನಗರವು ಕಸಿದುಕೊಳ್ಳದ ಆಕಾಶ

ಊರಿನಿಂದ ನಗರಕ್ಕೆ ಬಂದ ಹಿರಿಯರು ಕಳೆದುಕೊಂಡ ವಸ್ತುಗಳ ಪಟ್ಟಿಯಲ್ಲಿ ಆಕಾಶವೂ ಒಂದು. ವಿದ್ಯುದ್ದೀಪಗಳಿಲ್ಲದ ಹಳ್ಳಿಯಲ್ಲಿ ಅಮಾವಾಸ್ಯೆಯ ಆಸುಪಾಸಿನ ನಿರ್ಮಲ ರಾತ್ರಿ ಬರಿಗಣ್ಣಿಗೆ ಏಕಕಾಲದಲ್ಲಿ ಸುಮಾರು ಎರಡೂವರೆ ಮೂರು ಸಾವಿರ ನಕ್ಷತ್ರಗಳು ಕಾಣಬಹುದು. ಮುಂಬಯಿ ಅಥವಾ ದೆಹಲಿಯ ಮಧ್ಯಭಾಗದಲ್ಲಿ ಅವುಗಳಲ್ಲಿ ನೂರನ್ನು ಎಣಿಸುವುದೂ ಕಷ್ಟ. ಇದಕ್ಕೆ ಕಾರಣ ನಕ್ಷತ್ರಗಳು ಮಂಕಾದುದಲ್ಲ. ಬೀದಿದೀಪ, ಜಾಹೀರಾತು ಫಲಕ, ವಾಹನಗಳ ಬೆಳಕು ಗಾಳಿಯಲ್ಲಿನ ಧೂಳು ಹಾಗೂ ತೇವಾಂಶಗಳ ಮೇಲೆ ಚದರಿ, ಆಕಾಶದ ಹಿನ್ನೆಲೆಯೇ ಬೆಳ್ಳಗಾಗುತ್ತದೆ. ಆ ಬಿಳುಪಿನಲ್ಲಿ ಕ್ಷೀಣವಾದ ನಕ್ಷತ್ರಗಳು ಮರೆಯಾಗುತ್ತವೆ. ಆಕಾಶಗಂಗೆಯಂತೂ ಸಂಪೂರ್ಣ ಅಳಿಸಿಹೋಗುತ್ತದೆ.

ಗ್ರಹಗಳ ವಿಷಯ ಹಾಗಲ್ಲ. ಶುಕ್ರ, ಗುರು, ಮಂಗಳ, ಶನಿ ಇವು ಸೂರ್ಯನ ಬೆಳಕನ್ನು ಪ್ರತಿಫಲಿಸಿ ಉಜ್ವಲವಾಗಿ ತೋರುವುದರಿಂದ ನಗರದ ಬೆಳಕನ್ನು ಭೇದಿಸಿಕೊಂಡು ಬರುತ್ತವೆ. ಶುಕ್ರ ಮತ್ತು ಗುರು ಸಾಮಾನ್ಯವಾಗಿ ಎಲ್ಲ ನಕ್ಷತ್ರಗಳಿಗಿಂತ ಪ್ರಕಾಶಮಾನ. ನಗರದ ನಡುವೆ ನಿಂತ ದೂರದರ್ಶಕದಲ್ಲಿಯೂ ಶನಿಯ ಬಳೆ ಹಳ್ಳಿಯಲ್ಲಿ ಕಂಡಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಆದುದರಿಂದಲೇ ಹವ್ಯಾಸಿಗಳು ನಗರದ ಶಾಲೆಗಳಿಗೆ ಬಂದಾಗ ಮೊದಲು ತೋರಿಸುವುದು ಚಂದ್ರನನ್ನು, ಅನಂತರ ಗ್ರಹಗಳನ್ನು. ನಗರದ ಮಕ್ಕಳ ಪಾಲಿಗೆ ಉಳಿದಿರುವ ಆಕಾಶದ ಆಸ್ತಿ ಇದೇ.

ಗ್ರಹವನ್ನು ಗುರುತಿಸುವುದಕ್ಕೆ ಒಂದು ಸುಲಭವಾದ ಲಕ್ಷಣವಿದೆ. ನಕ್ಷತ್ರವು ಮಿನುಗುತ್ತದೆ, ಗ್ರಹವು ಸಾಧಾರಣವಾಗಿ ಮಿನುಗದೆ ಸ್ಥಿರವಾಗಿ ಬೆಳಗುತ್ತದೆ. ನಕ್ಷತ್ರವು ಬಹುದೂರದಲ್ಲಿರುವುದರಿಂದ ಅದರ ಬೆಳಕು ಕೇವಲ ಒಂದು ಬಿಂದುವಿನಿಂದ ಬಂದಂತೆ ಇರುತ್ತದೆ. ವಾತಾವರಣದ ಸಣ್ಣ ಕಂಪನಕ್ಕೂ ಅದು ಅಲುಗುತ್ತದೆ. ಗ್ರಹವು ಹತ್ತಿರವಿರುವುದರಿಂದ ಬರಿಗಣ್ಣಿಗೆ ಬಿಂದುವಾಗಿ ತೋರಿದರೂ ವಾಸ್ತವವಾಗಿ ಒಂದು ಪುಟ್ಟ ಬಿಲ್ಲೆ. ಬಿಲ್ಲೆಯ ಬೇರೆ ಬೇರೆ ಭಾಗಗಳ ಅಲುಗಾಟ ಒಂದನ್ನೊಂದು ಸರಿದೂಗಿಸುತ್ತದೆ.

ಪಾದಚಾರಿ ಹಾದಿಗೆ ಬಂದ ದೂರದರ್ಶಕ

ದೂರದರ್ಶಕವನ್ನು ವೇಧಶಾಲೆಯ ಗುಮ್ಮಟದಿಂದ ಜನರ ನಡುವೆ ತಂದ ಕೀರ್ತಿಯಲ್ಲಿ ದೊಡ್ಡ ಪಾಲು ಜಾನ್ ಡಾಬ್ಸನ್ ಅವರದು. ಅವರು ಹುಟ್ಟಿದ್ದು 1915ರಲ್ಲಿ, ಚೀನದ ಬೀಜಿಂಗ್ ನಗರದಲ್ಲಿ. ಅಮೆರಿಕದಲ್ಲಿ ರಸಾಯನಶಾಸ್ತ್ರವನ್ನು ಅಭ್ಯಸಿಸಿ, 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯನ್ನು ಸೇರಿ ಸಂನ್ಯಾಸಜೀವನವನ್ನು ಕೈಕೊಂಡರು. ಈ ಸಂಸ್ಥೆ ರಾಮಕೃಷ್ಣ ಪರಂಪರೆಗೆ ಸೇರಿದ್ದು. ಮೈಸೂರಿನ ಶ್ರೀರಾಮಕೃಷ್ಣಾಶ್ರಮವನ್ನು ಬಲ್ಲ ಕನ್ನಡಿಗರಿಗೆ ಇದರ ಪರಿಚಯ ಬೇಕಾಗಿಲ್ಲ. ಬ್ರಹ್ಮಾಂಡವನ್ನು ಕುರಿತ ಚಿಂತನೆ ಅವರನ್ನು ಆಕಾಶವೀಕ್ಷಣೆಗೆ ಕರೆತಂದಿತು. ಕೈಯಲ್ಲಿ ಹಣವಿರಲಿಲ್ಲ. ಹಳೆಯ ಹಡಗುಗಳ ಕಿಟಕಿಯ ದಪ್ಪ ಗಾಜನ್ನು ಸಂಗ್ರಹಿಸಿ, ತಾವೇ ಕೈಯಿಂದ ಉಜ್ಜಿ ದರ್ಪಣ ಮಾಡಿದರು. ರಟ್ಟಿನ ಕೊಳವೆ, ಮರದ ಹಲಗೆಗಳ ಪೆಟ್ಟಿಗೆ ಇವುಗಳಿಂದ ಉಳಿದ ಅಂಗಗಳು ಸಿದ್ಧವಾದವು. ಆಶ್ರಮದ ನೆರೆಹೊರೆಯ ಮಕ್ಕಳಿಗೆ ರಾತ್ರಿ ಆಕಾಶವನ್ನು ತೋರಿಸುವುದೇ ಅವರ ಸಂತೋಷವಾಯಿತು. ಮಠದ ಶಿಸ್ತಿಗೂ ಈ ಹವ್ಯಾಸಕ್ಕೂ ಹೊಂದಿಕೆಯಾಗದೆ 1967ರಲ್ಲಿ ಅವರು ಆಶ್ರಮದಿಂದ ಹೊರಗೆ ಬರಬೇಕಾಯಿತು.

ಮರುವರ್ಷ, 1968ರಲ್ಲಿ, ದೂರದರ್ಶಕ ನಿರ್ಮಾಣವನ್ನು ಕಲಿತ ಹುಡುಗರ ಜೊತೆಗೂಡಿ ಅವರು "ಸ್ಯಾನ್ ಫ್ರಾನ್ಸಿಸ್ಕೋ ಸೈಡ್‌ವಾಕ್ ಅಸ್ಟ್ರಾನಮರ್ಸ್" ಎಂಬ ಸಂಘವನ್ನು ಸ್ಥಾಪಿಸಿದರು. ಸಂಘದ ಕಾರ್ಯಕ್ರಮ ಬಲು ಸರಳ. ದೂರದರ್ಶಕವನ್ನು ಬೀದಿಯ ಮೂಲೆಯಲ್ಲಿ ನಿಲ್ಲಿಸುವುದು, ಹಾದುಹೋಗುವವರನ್ನು ಕರೆದು ಚಂದ್ರನನ್ನೋ ಶನಿಯನ್ನೋ ತೋರಿಸುವುದು, ಶುಲ್ಕ ಕೇಳದಿರುವುದು. ಅವರು ರೂಪಿಸಿದ ಮರದ ಪೆಟ್ಟಿಗೆಯ ಪೀಠ ಮೇಲೆ ಕೆಳಗೆ ಹಾಗೂ ಎಡಕ್ಕೆ ಬಲಕ್ಕೆ ಕೈಯಿಂದಲೇ ತಿರುಗುತ್ತದೆ, ಯಂತ್ರಗಳ ಅವಶ್ಯಕತೆಯಿಲ್ಲ. ಡಾಬ್ಸನ್ ಇದಕ್ಕೆ ಹಕ್ಕುಸ್ವಾಮ್ಯವನ್ನು ಪಡೆಯಲಿಲ್ಲ. ಪ್ರಪಂಚದ ಯಾವ ಮೂಲೆಯ ಹವ್ಯಾಸಿಯೂ ಅದನ್ನು ಮಾಡಿಕೊಳ್ಳಬಹುದಾಯಿತು. 2014ರಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಇಂದಿಗೂ ಆ ಮಾದರಿಯ ದೂರದರ್ಶಕವನ್ನು "ಡಾಬ್ಸೋನಿಯನ್" ಎಂದೇ ಕರೆಯುತ್ತಾರೆ. ಭಾರತದ ಶಾಲೆಗಳ ಅಂಗಳಕ್ಕೆ ಬರುವ ದೂರದರ್ಶಕಗಳಲ್ಲಿಯೂ ಈ ಮಾದರಿಯವು ಅನೇಕ.

ಭಾರತದ ನಗರಗಳಲ್ಲಿ

ಹವ್ಯಾಸಿಗಳ ಸಂಘಟನೆ ಭಾರತಕ್ಕೆ ಹೊಸದಲ್ಲ. ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಆರಂಭವಾದದ್ದು 1944ರಲ್ಲಿ. ದೇಶದ ಹವ್ಯಾಸಿ ಖಗೋಳ ಸಂಘಗಳಲ್ಲಿ ಅದು ಅತ್ಯಂತ ಹಳೆಯದೆಂದು ಪರಿಗಣಿತವಾಗಿದೆ. 1985-86ರಲ್ಲಿ ಹ್ಯಾಲಿ ಧೂಮಕೇತು ಸೂರ್ಯನ ಬಳಿಗೆ ಬಂದಾಗ ದೇಶದಾದ್ಯಂತ ಆಕಾಶವೀಕ್ಷಣೆಯ ಉತ್ಸಾಹ ಉಕ್ಕಿತು. ಮುಂಬಯಿಯ ಖಗೋಲ ಮಂಡಲವು ಆ ಕಾಲದ ಕೂಸು. ನಗರದ ಬೆಳಕಿನಿಂದ ದೂರವಿರುವ ವಾಂಗಣಿಯಲ್ಲಿ ರಾತ್ರಿಯಿಡೀ ಆಕಾಶವನ್ನು ತೋರಿಸುವ ಅದರ ಶಿಬಿರಗಳು ಮುಂಬಯಿಯ ಅನೇಕ ಕುಟುಂಬಗಳಿಗೆ ಪರಿಚಿತ. ಬೆಂಗಳೂರು, ದೆಹಲಿ, ಚೆನ್ನೈ, ಹೈದರಾಬಾದುಗಳಲ್ಲಿಯೂ ಇಂತಹ ಆಸಕ್ತರ ಗುಂಪುಗಳಿವೆ.

ಮುಂಬಯಿಯ ವರಳಿಯಲ್ಲಿ ನೆಹರು ತಾರಾಲಯ 1977ರಲ್ಲಿ ಪ್ರಾರಂಭವಾಯಿತು. ದೆಹಲಿಯದು 1984ರಲ್ಲಿ, ಹೈದರಾಬಾದಿನ ಬಿರ್ಲಾ ತಾರಾಲಯ 1985ರಲ್ಲಿ, ಚೆನ್ನೈಯದು 1988ರಲ್ಲಿ, ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ 1989ರಲ್ಲಿ ತೆರೆದವು. ತಾರಾಲಯದ ಗುಮ್ಮಟದಲ್ಲಿ ಕಾಣುವುದು ಆಕಾಶದ ಚಿತ್ರ. ಅದು ಅತ್ಯುತ್ತಮ ಪಾಠಶಾಲೆ. ದೂರದರ್ಶಕದಲ್ಲಿ ಕಾಣುವುದು ಸಾಕ್ಷಾತ್ ಗ್ರಹದಿಂದ ಹೊರಟು ಬಂದ ಬೆಳಕು. ಶನಿಯಿಂದ ಹೊರಟ ಆ ಬೆಳಕು ಒಂದು ಗಂಟೆಗೂ ಹೆಚ್ಚು ಕಾಲ ಪ್ರಯಾಣಮಾಡಿ ಮಗುವಿನ ಕಣ್ಣಿನಲ್ಲಿ ತನ್ನ ಯಾತ್ರೆಯನ್ನು ಮುಗಿಸುತ್ತದೆ. ಈ ವ್ಯತ್ಯಾಸವನ್ನು ಮಕ್ಕಳು ಯಾರೂ ಹೇಳದೆ ಅರಿಯುತ್ತಾರೆ. "ಇದು ಫೋಟೋ ಅಲ್ಲವೇ?" ಎಂದು ದೂರದರ್ಶಕದ ಬಾಯೊಳಗೆ ಇಣುಕಿ ಚಿತ್ರವನ್ನು ಹುಡುಕುವ ಮಗು ಪ್ರತಿ ಸಾಲಿನಲ್ಲಿಯೂ ಒಂದಾದರೂ ಇರುತ್ತದೆ.

ಬೆಳಕಿನ ಠೇವಣಿ

ದೂರದರ್ಶಕವೆಂದರೆ ದೊಡ್ಡದಾಗಿ ತೋರಿಸುವ ಯಂತ್ರ ಎಂಬುದು ಸಾಮಾನ್ಯ ಕಲ್ಪನೆ. ವಸ್ತುತಃ ಅದರ ಮೊದಲ ಕೆಲಸ ಬೆಳಕನ್ನು ಕೂಡಿಸುವುದು. ಕತ್ತಲೆಯಲ್ಲಿ ಮಗುವಿನ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರು ಅಗಲ ತೆರೆಯುತ್ತದೆ. ದೂರದರ್ಶಕದ ದರ್ಪಣದ ಅಗಲ 150 ಮಿಲಿಮೀಟರು, ಅಂದರೆ ಆರು ಅಂಗುಲವಿದ್ದರೆ, ಅದು ಕಣ್ಣಿಗಿಂತ ಸುಮಾರು 450 ಪಟ್ಟು ಹೆಚ್ಚು ಬೆಳಕನ್ನು ಸಂಗ್ರಹಿಸುತ್ತದೆ. ಸಣ್ಣ ಸಣ್ಣ ಠೇವಣಿಗಳು ಒಂದೆಡೆ ಸೇರಿ ದೊಡ್ಡ ಮೊತ್ತವಾಗುವಂತೆ, ದರ್ಪಣದ ಪ್ರತಿಯೊಂದು ಭಾಗಕ್ಕೂ ಬಿದ್ದ ಬೆಳಕು ಒಂದು ಬಿಂದುವಿನಲ್ಲಿ ಕೂಡಿ ಬಿಂಬವಾಗುತ್ತದೆ. ಆ ಬಿಂಬವನ್ನು ಹಿಗ್ಗಿಸಿ ತೋರಿಸುವುದು ಕಣ್ಣಿನ ಬಳಿ ಇರುವ ಪುಟ್ಟ ಮಸೂರ, ಅಂದರೆ ನೇತ್ರಕ.

ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದಕ್ಕೆ ಸರಳವಾದ ಲೆಕ್ಕವಿದೆ. ದರ್ಪಣದ ನಾಭಿದೂರವನ್ನು ನೇತ್ರಕದ ನಾಭಿದೂರದಿಂದ ಭಾಗಿಸಬೇಕು. ದರ್ಪಣದ್ದು 1200 ಮಿಲಿಮೀಟರು, ನೇತ್ರಕದ್ದು 25 ಆದರೆ ವರ್ಧನೆ 48 ಪಟ್ಟು. ನೇತ್ರಕವನ್ನು ಬದಲಿಸಿ 10 ಮಿಲಿಮೀಟರಿನದನ್ನು ಹಾಕಿದರೆ 120 ಪಟ್ಟು. ಶನಿಯ ಬಳೆಯನ್ನು ಬೇರ್ಪಡಿಸಿ ಕಾಣಲು 40 ಪಟ್ಟು ವರ್ಧನೆಯೇ ಸಾಕು. ಆದರೆ ಈ ಲೆಕ್ಕಕ್ಕೆ ಒಂದು ಮಿತಿಯುಂಟು. ದರ್ಪಣ ಅಥವಾ ಮಸೂರದ ಅಗಲವನ್ನು ಮಿಲಿಮೀಟರುಗಳಲ್ಲಿ ಬರೆದು ಎರಡರಿಂದ ಗುಣಿಸಿದರೆ ಬರುವ ಸಂಖ್ಯೆಗಿಂತ ಹೆಚ್ಚು ವರ್ಧನೆ ನಿಷ್ಪ್ರಯೋಜಕ. ಬಿಂಬ ದೊಡ್ಡದಾದರೂ ಮಸುಕಾಗುತ್ತದೆ. 60 ಮಿಲಿಮೀಟರಿನ ಆಟಿಕೆಯಂತಹ ದೂರದರ್ಶಕದ ಪೆಟ್ಟಿಗೆಯ ಮೇಲೆ "500 ಪಟ್ಟು" ಎಂದು ಮುದ್ರಿಸಿದ್ದರೆ, ಮಕ್ಕಳ ಹುಟ್ಟುಹಬ್ಬಕ್ಕೆ ಅದನ್ನು ಕೊಳ್ಳಲು ಹೊರಟ ತಂದೆತಾಯಿಯರು ಎಚ್ಚರ ವಹಿಸುವುದು ಒಳ್ಳೆಯದು. ಆ ಹಣಕ್ಕೆ ಒಂದು ಒಳ್ಳೆಯ ದುರ್ಬೀನನ್ನು ಕೊಂಡರೆ ಚಂದ್ರನ ಕುಳಿಗಳೂ ಗುರುವಿನ ಉಪಗ್ರಹಗಳೂ ಕಾಣುತ್ತವೆ.

ಮಗು ಕಾಣುವುದೇನು?

ಚಂದ್ರನನ್ನು ನೋಡಲು ಹುಣ್ಣಿಮೆ ಪ್ರಶಸ್ತವೆಂದು ಅನೇಕರು ಭಾವಿಸುತ್ತಾರೆ. ಅನುಭವಸ್ಥರು ಹುಣ್ಣಿಮೆಯನ್ನು ಬಿಟ್ಟು ಶುಕ್ಲಪಕ್ಷದ ಪಂಚಮಿಯಿಂದ ದಶಮಿಯವರೆಗಿನ ಸಂಜೆಗಳನ್ನು ಆರಿಸಿಕೊಳ್ಳುತ್ತಾರೆ. ಹುಣ್ಣಿಮೆಯಂದು ಸೂರ್ಯನ ಬೆಳಕು ಚಂದ್ರನ ಮುಖಕ್ಕೆ ನೇರವಾಗಿ ಬೀಳುವುದರಿಂದ ನೆರಳುಗಳಿಲ್ಲ. ಸಪ್ತಮಿ ಅಷ್ಟಮಿಗಳಲ್ಲಿ ಬೆಳಕು ಕತ್ತಲೆಗಳ ಗಡಿಯ ಉದ್ದಕ್ಕೂ ಬೆಟ್ಟಗಳ ನೆರಳು ಉದ್ದವಾಗಿ ಚಾಚಿ, ಕುಳಿಗಳ ಅಂಚು ಎದ್ದು ಕಾಣುತ್ತದೆ. ಕನ್ನಡದ ಮನೆಗಳ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರು ಈ ವಿಷಯದಲ್ಲಿ ಅತ್ಯುತ್ತಮ ಮಾರ್ಗದರ್ಶಿ.

ಗುರುವಿನ ಕಡೆಗೆ ದೂರದರ್ಶಕವನ್ನು ತಿರುಗಿಸಿದರೆ ಕೆನೆಬಣ್ಣದ ಬಿಲ್ಲೆ, ಅದರ ಮೇಲೆ ಎರಡು ಕಂದು ಪಟ್ಟಿಗಳು, ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಪೋಣಿಸಿದಂತೆ ನಾಲ್ಕು ಚುಕ್ಕಿಗಳು. 1610ರ ಜನವರಿ 7ರಂದು ಗೆಲಿಲಿಯೋ ಮೊದಲು ಇವುಗಳಲ್ಲಿ ಮೂರನ್ನು ಕಂಡ. ಒಂದು ವಾರದೊಳಗೆ ನಾಲ್ಕನೆಯದೂ ಕಂಡಿತು. ರಾತ್ರಿಯಿಂದ ರಾತ್ರಿಗೆ ಅವು ಸ್ಥಾನವನ್ನು ಬದಲಿಸುವುದನ್ನು ಗುರುತಿಸಿ, ಅವು ಗುರುವನ್ನು ಸುತ್ತುತ್ತಿವೆ ಎಂದು ಆತ ನಿರ್ಣಯಿಸಿದ. ಆಕಾಶದಲ್ಲಿರುವುದೆಲ್ಲ ಭೂಮಿಯನ್ನೇ ಸುತ್ತುತ್ತದೆ ಎಂಬ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟು ಅದು. ಇಂದಿನ ಶಾಲಾಬಾಲಕನೂ ಅದೇ ಪ್ರಯೋಗವನ್ನು ಮಾಡಬಹುದು. ನೋಟುಪುಸ್ತಕದಲ್ಲಿ ಒಂದು ಸೊನ್ನೆ ಬರೆದು, ಅದರ ಆಚೀಚೆ ಚುಕ್ಕಿಗಳನ್ನು ಕಂಡಂತೆ ಗುರುತಿಸಬೇಕು. ಮರುದಿನ ಅದೇ ಹೊತ್ತಿಗೆ ಪುನಃ ಗುರುತಿಸಬೇಕು. ನಾಲ್ಕರಲ್ಲಿ ಒಳಗಿನದಾದ ಅಯೋ ಸುಮಾರು 42 ಗಂಟೆಗಳಲ್ಲಿ ಒಂದು ಸುತ್ತು ಮುಗಿಸುವುದರಿಂದ ಎರಡು ದಿನಗಳ ಚಿತ್ರಗಳು ಎಂದಿಗೂ ಒಂದೇ ಆಗಿರುವುದಿಲ್ಲ.

ಶನಿಯ ಸರದಿ ಬಂದಾಗ ಸಾಲಿನಲ್ಲಿ ಗದ್ದಲ ಹೆಚ್ಚು. ಚಿತ್ರದಲ್ಲಿ ಕಂಡ ಬಳೆ ನಿಜವಾಗಿಯೂ ಇದೆ ಎಂಬುದನ್ನು ಕಣ್ಣಾರೆ ಕಂಡಾಗ ದೊಡ್ಡವರೂ ಉದ್ಗರಿಸುತ್ತಾರೆ. ಗೆಲಿಲಿಯೋನ ಸಣ್ಣ ದೂರದರ್ಶಕದಲ್ಲಿ ಅದು ಗ್ರಹಕ್ಕೆ ಅಂಟಿದ ಎರಡು ಕಿವಿಗಳಂತೆ ತೋರಿತ್ತು. ಅದು ಗ್ರಹವನ್ನು ಎಲ್ಲಿಯೂ ಮುಟ್ಟದೆ ಸುತ್ತುವರಿದ ಬಳೆ ಎಂದು 1659ರಲ್ಲಿ ವಿವರಿಸಿದವನು ಹೈಗೆನ್ಸ್. ಬಹುಮಟ್ಟಿಗೆ ಹಿಮದ ತುಣುಕುಗಳಿಂದಾದ ಆ ಬಳೆಗಳ ವ್ಯಾಸ ಎರಡೂವರೆ ಲಕ್ಷ ಕಿಲೋಮೀಟರಿಗೂ ಹೆಚ್ಚು. ದಪ್ಪವಾದರೋ ಬಹುತೇಕ ಕಡೆ ಹತ್ತಾರು ಮೀಟರು ಮಾತ್ರ. ಆದುದರಿಂದ ಅಂಚು ಭೂಮಿಯ ಕಡೆಗೆ ತಿರುಗಿದಾಗ ಬಳೆಯೇ ಮಾಯವಾದಂತೆ ತೋರುತ್ತದೆ. 2025ರ ಮಾರ್ಚಿನಲ್ಲಿ ಹೀಗಾಯಿತು. ಆ ವರ್ಷ ನೋಡಿದ ಮಕ್ಕಳಿಗೆ ಸಿಕ್ಕಿದ್ದು ಒಂದು ತೆಳು ಗೆರೆ. ಅಲ್ಲಿಂದ ಮುಂದೆ ಬಳೆ ವರ್ಷದಿಂದ ವರ್ಷಕ್ಕೆ ಹೆಚ್ಚು ತೆರೆದುಕೊಳ್ಳುವ ಕಾಲ. 2032ರ ಸುಮಾರಿಗೆ ಅತ್ಯಂತ ಅಗಲವಾಗಿ ಕಾಣುತ್ತದೆ. ಇಂದು ಒಂದನೆಯ ತರಗತಿಯಲ್ಲಿರುವ ಮಗು ಪ್ರೌಢಶಾಲೆಯನ್ನು ತಲುಪುವ ವೇಳೆಗೆ ಈ ಬದಲಾವಣೆಯನ್ನೆಲ್ಲ ತಾನೇ ಕಂಡಿರಬಹುದು.

ಭಯದಿಂದ ಪರಿಚಯಕ್ಕೆ

ಶನಿಯ ಹೆಸರಿಗೆ ಜನಮನದಲ್ಲಿ ಭಯ ಅಂಟಿಕೊಂಡಿದೆ. ಆದರೆ ಶನೈಶ್ಚರ ಎಂಬ ಪದದ ಅರ್ಥ ಮೆಲ್ಲಗೆ ಸಂಚರಿಸುವವನು ಎಂದಷ್ಟೇ. ಸೂರ್ಯನ ಸುತ್ತ ಒಂದು ಪ್ರದಕ್ಷಿಣೆಗೆ ಶನಿ ತೆಗೆದುಕೊಳ್ಳುವ ಕಾಲ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ಹನ್ನೆರಡು ರಾಶಿಗಳಿಗೆ ಹಂಚಿದರೆ ಒಂದು ರಾಶಿಗೆ ಸುಮಾರು ಎರಡೂವರೆ ವರ್ಷ. ಮೂರು ರಾಶಿಗಳಿಗೆ ಏಳೂವರೆ. ಸಾಡೇಸಾತಿ ಎಂಬ ಶಬ್ದದೊಳಗೆ ಅಡಗಿರುವ ಅಂಕಗಣಿತ ಇದು. ದೂರದರ್ಶಕಗಳಿಲ್ಲದ ಕಾಲದಲ್ಲಿ ತಲೆಮಾರುಗಳವರೆಗೆ ಆಕಾಶವನ್ನು ನೋಡಿ ಈ ಲೆಕ್ಕವನ್ನು ಇಟ್ಟವರ ತಾಳ್ಮೆ ಗೌರವಕ್ಕೆ ಅರ್ಹವಾದುದು. ಫಲಾಫಲಗಳ ನಂಬಿಕೆ ಅವರವರಿಗೆ ಸೇರಿದ್ದು. ಆದರೆ ಬಳೆ ತೊಟ್ಟ ಆ ಪುಟ್ಟ ಗೋಳವನ್ನು ಒಮ್ಮೆ ಕಂಡ ಮಗು ಶನಿ ಎಂಬ ಹೆಸರನ್ನು ಕೇಳಿ ಬೆಚ್ಚುವುದು ಕಡಿಮೆ.

ಗ್ರಹಣಗಳ ವಿಷಯದಲ್ಲಿಯೂ ಇದೇ ಮಾತು. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಕರ್ನಾಟಕವನ್ನು ಹಾದುಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ಉಪಕರಣಗಳೊಡನೆ ಬೀಡುಬಿಟ್ಟಿದ್ದರು. ಅದೇ ಅಪರಾಹ್ನ ದೇಶದ ಅನೇಕ ನಗರಗಳಲ್ಲಿ ಜನ ಬಾಗಿಲು ಕಿಟಕಿಗಳನ್ನು ಮುಚ್ಚಿ ಒಳಗೆ ಕುಳಿತಿದ್ದರು. ಬೀದಿಗಳು ಬಿಕೋ ಎನ್ನುತ್ತಿದ್ದವು. 2019ರ ಡಿಸೆಂಬರ್ 26ರಂದು ಕಂಕಣಗ್ರಹಣ ಮಂಗಳೂರು ಹಾಗೂ ಕೊಡಗಿನ ಕಡೆ ಗೋಚರಿಸಿದಾಗ ಸುರಕ್ಷಿತ ಕನ್ನಡಕಗಳನ್ನು ಧರಿಸಿದ ಮಕ್ಕಳು ಬಯಲಿಗೆ ಬಂದು ನೋಡಿದರು. ಮನೆಯೊಳಗೆ ಉಳಿದವರು ಆಗಲೂ ಇದ್ದರು. ಆದರೂ ಎರಡು ಗ್ರಹಣಗಳ ನಡುವಿನ ಮೂವತ್ತೊಂಬತ್ತು ವರ್ಷಗಳಲ್ಲಿ ಆದ ಬದಲಾವಣೆಯಲ್ಲಿ ಹವ್ಯಾಸಿಗಳ ಪಾಲು ಸಣ್ಣದಲ್ಲ.

ಕಣ್ಣಿನ ಕ್ಷೇಮ

ಆಕಾಶವನ್ನು ನೋಡುವ ಸಾಧನ ಕಣ್ಣು. ಅದರ ರಕ್ಷಣೆಯನ್ನು ಕುರಿತ ಕೆಲವು ಸಂಗತಿಗಳು ಪ್ರತಿಯೊಬ್ಬ ಪೋಷಕನಿಗೂ ತಿಳಿದಿರಬೇಕು.

ಮೊದಲನೆಯದಾಗಿ, ದೂರದರ್ಶಕವನ್ನಾಗಲಿ ದುರ್ಬೀನನ್ನಾಗಲಿ ಎಂದಿಗೂ ಸೂರ್ಯನ ಕಡೆಗೆ ತಿರುಗಿಸಿ ನೋಡಕೂಡದು. ಭೂತಗನ್ನಡಿ ಕಾಗದವನ್ನು ಸುಡುವಂತೆ ಅದು ಅಕ್ಷಿಪಟಲವನ್ನು ಕ್ಷಣಾರ್ಧದಲ್ಲಿ ಸುಡಬಲ್ಲದು. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲದ ಕಾರಣ ಹಾನಿಯಾದುದು ಆಗಲೇ ಗೊತ್ತಾಗುವುದಿಲ್ಲ. ಕೆಲವು ಗಂಟೆಗಳ ಮೇಲೆ ನೋಟದ ಮಧ್ಯದಲ್ಲಿ ಕಪ್ಪು ಕಲೆ ಕಾಣಿಸಿಕೊಳ್ಳುತ್ತದೆ. ಮಸಿ ಹಿಡಿಸಿದ ಗಾಜು, ಎಕ್ಸ್-ರೇ ಫಿಲ್ಮು, ಸಾಧಾರಣ ತಂಪು ಕನ್ನಡಕ ಇವು ರಕ್ಷಣೆ ನೀಡುವುದಿಲ್ಲ. ಬರಿಗಣ್ಣಿನ ವೀಕ್ಷಣೆಗೆ ಐ.ಎಸ್.ಓ. 12312-2 ಎಂಬ ಮಾನಕಕ್ಕೆ ಅನುಗುಣವಾದ ಗ್ರಹಣ ಕನ್ನಡಕವೇ ಬೇಕು. ಅದನ್ನು ಧರಿಸಿ ದೂರದರ್ಶಕದಲ್ಲಿ ನೋಡುವುದು ಕೂಡ ಅಪಾಯ. ದೂರದರ್ಶಕಕ್ಕೆ ಬೇಕಾದ ಸೌರಶೋಧಕವನ್ನು ಅದರ ಮುಂದಿನ ಬಾಯಿಗೆ, ತಿಳಿದವರೇ ಜೋಡಿಸಬೇಕು. ಸಂಜೆಯ ಶುಕ್ರನನ್ನು ತೋರಿಸುವವರೂ ಸೂರ್ಯ ಪೂರ್ತಿಯಾಗಿ ಮುಳುಗುವವರೆಗೆ ಕಾಯುವುದು ಇದೇ ಕಾರಣದಿಂದ.

ಎರಡನೆಯದಾಗಿ, ದೂರದರ್ಶಕದಲ್ಲಿ ನೋಡುವಾಗ ಒಂದೇ ಕಣ್ಣನ್ನು ಉಪಯೋಗಿಸಬೇಕಾಗುತ್ತದೆ. ಮಗುವಿನ ಒಂದು ಕಣ್ಣು ದುರ್ಬಲವಾಗಿದ್ದರೂ ಇನ್ನೊಂದು ಆ ಕೊರತೆಯನ್ನು ಮುಚ್ಚಿಬಿಡುವುದರಿಂದ ಮನೆಯವರಿಗೆ ವರ್ಷಗಟ್ಟಲೆ ತಿಳಿಯದೆ ಹೋಗುವುದುಂಟು. ಸೋಮಾರಿ ಕಣ್ಣು ಎಂದು ಕರೆಯಲಾಗುವ ಈ ದೋಷಕ್ಕೆ ಎಳೆಯ ವಯಸ್ಸಿನಲ್ಲಿ, ಸಾಮಾನ್ಯವಾಗಿ ಏಳು ವರ್ಷಗಳ ಒಳಗೆ, ಚಿಕಿತ್ಸೆ ದೊರೆತರೆ ಫಲ ಹೆಚ್ಚು. ಆದುದರಿಂದ ಮಗುವಿಗೆ ಒಂದೊಂದು ಕಣ್ಣಿನಿಂದಲೂ ಚಂದ್ರನನ್ನು ನೋಡಿಸಿ, ಎರಡರಲ್ಲಿಯೂ ಒಂದೇ ತೆರನಾಗಿ ಕಾಣುತ್ತದೆಯೇ ಎಂದು ಕೇಳುವುದು ಒಳ್ಳೆಯದು. ವ್ಯತ್ಯಾಸವಿದೆಯೆಂದರೆ ನೇತ್ರವೈದ್ಯರಲ್ಲಿಗೆ ಕರೆದೊಯ್ಯಬೇಕು. ಸಂಜೆಗತ್ತಲಿನಲ್ಲಿ ಮಾತ್ರ ತಡವರಿಸುವ ಮಗುವನ್ನೂ ಹೀಗೆಯೇ ತೋರಿಸಬೇಕು. ಇರುಳುಗಣ್ಣಿಗೆ ಎ ಜೀವಸತ್ವದ ಕೊರತೆ ಕಾರಣವಾಗಿರಬಹುದು.

ಮೂರನೆಯದಾಗಿ, ಸಮೀಪದೃಷ್ಟಿಯ ಮಕ್ಕಳು ಕನ್ನಡಕವನ್ನು ತೆಗೆದು, ತಿರುಪನ್ನು ತಿರುಗಿಸಿ ಬಿಂಬವನ್ನು ಸ್ಪಷ್ಟಪಡಿಸಿಕೊಳ್ಳಬಹುದು. ಕನ್ನಡಕದಲ್ಲಿ ಸಿಲಿಂಡರ್ ಸಂಖ್ಯೆ ಹೆಚ್ಚಾಗಿದ್ದವರು ಅದನ್ನು ಧರಿಸಿಯೇ ನೋಡುವುದು ಮೇಲು. ಮದ್ರಾಸ್ ಐ ಎಂದು ಕರೆಯುವ ಕಣ್ಣುಬೇನೆ ಇರುವ ಮಗು ಅಂದು ನೇತ್ರಕಕ್ಕೆ ಕಣ್ಣಿಡಬಾರದು. ಒಂದು ನೇತ್ರಕದಿಂದ ಸಾಲಿಗೆ ಸಾಲೇ ಸೋಂಕನ್ನು ಪಡೆದೀತು. ಇತರರೂ ಕಣ್ಣನ್ನು ನೇತ್ರಕಕ್ಕೆ ತಾಗಿಸದೆ, ಕೈಯಿಂದ ಮುಟ್ಟದೆ ನೋಡುವುದನ್ನು ಮೊದಲೇ ಅಭ್ಯಾಸ ಮಾಡಿಸಬೇಕು.

ಸಂಘಗಳು ಮಾಡಬಹುದಾದ ಕಾರ್ಯ

ಹಗಲಿನ ದುಡಿಮೆಯ ತರುವಾಯ ರಾತ್ರಿ ಕಲಿಯುವುದು, ಕಲಿಸುವುದು ಮುಂಬಯಿಯ ಕನ್ನಡಿಗರಿಗೆ ಹೊಸತಲ್ಲ. ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಇತಿಹಾಸ ಅಲ್ಲಿಯ ಪ್ರತಿಯೊಂದು ಸಂಘಕ್ಕೂ ಗೊತ್ತು. ಆ ಶಾಲೆಗಳಲ್ಲಿ ಸಂಜೆ ಬಂದು ಪಾಠ ಹೇಳಿದವರ ಸೇವೆಗೂ, ದೂರದರ್ಶಕವನ್ನು ಹೊತ್ತು ಬರುವ ಹವ್ಯಾಸಿಯ ಸೇವೆಗೂ ಗುಣದಲ್ಲಿ ಭೇದವಿಲ್ಲ. ಆದುದರಿಂದ ಕನ್ನಡ ಸಂಘಗಳು ತಮ್ಮ ವಾರ್ಷಿಕ ಕಾರ್ಯಕ್ರಮಗಳಲ್ಲಿ ಒಂದು ಸಂಜೆಯನ್ನು ಗ್ರಹದರ್ಶನಕ್ಕೆ ಮೀಸಲಿಡುವುದು ಉಚಿತ. ಸ್ಥಳೀಯ ಹವ್ಯಾಸಿಗಳನ್ನು ಆಹ್ವಾನಿಸಿದರೆ ಅವರು ಸಂತೋಷದಿಂದಲೇ ಬರುವರು.

ಏರ್ಪಾಡಿನ ಲೆಕ್ಕವೂ ಸುಲಭ. ಅರುವತ್ತು ಮಕ್ಕಳು, ಒಂದು ದೂರದರ್ಶಕ, ಮಗುವಿಗೆ ಒಂದು ನಿಮಿಷವೆಂದರೆ ಒಂದು ಗಂಟೆ. ಎರಡು ದೂರದರ್ಶಕಗಳಿದ್ದರೆ ಅರ್ಧ ಗಂಟೆ. ಭೂಮಿ ತಿರುಗುತ್ತಿರುವುದರಿಂದ 100 ಪಟ್ಟು ವರ್ಧನೆಯಲ್ಲಿ ಗ್ರಹವು ಸುಮಾರು ಎರಡು ನಿಮಿಷಗಳಲ್ಲಿ ನೋಟದಿಂದ ಜಾರಿಹೋಗುತ್ತದೆ. ಪ್ರತಿ ಮಗುವಿನ ನಂತರ ದೂರದರ್ಶಕವನ್ನು ತುಸು ಸರಿಸಲು ಒಬ್ಬರು ಪಕ್ಕದಲ್ಲಿರಬೇಕು. ಬಿಸಿಲಿಗೆ ಕಾದ ಸಿಮೆಂಟಿನ ಮಾಳಿಗೆಯಿಂದ ಏಳುವ ಬಿಸಿಗಾಳಿ ಬಿಂಬವನ್ನು ನಡುಗಿಸುವುದರಿಂದ ಹುಲ್ಲಿನ ಅಂಗಳ ಮೇಲು. ಮಾಳಿಗೆಯೇ ಗತಿಯಾದರೆ ರಾತ್ರಿ ಎಂಟರ ಮೇಲೆ ಪ್ರಾರಂಭಿಸಬೇಕು. ಮಾಳಿಗೆಗೆ ಎದೆಯೆತ್ತರದ ಗೋಡೆಯಿರಬೇಕು. ಮುಂಬಯಿ ಪುಣೆಗಳಲ್ಲಿ ಮಳೆಗಾಲ ನಿರುಪಯೋಗಿ. ನವೆಂಬರಿನಿಂದ ಫೆಬ್ರವರಿಯವರೆಗೆ ಸುಕಾಲ.

ಆ ಸಂಜೆ ಅಜ್ಜ ಅಜ್ಜಿಯರನ್ನು ಮನೆಯಲ್ಲಿ ಬಿಟ್ಟು ಬರಬಾರದು. ಡಿಸೆಂಬರಿನ ಅಂತ್ಯಕ್ಕೆ ರಾತ್ರಿ ಎಂಟು ಗಂಟೆಯ ಹೊತ್ತಿಗೆ ಪೂರ್ವದಿಕ್ಕಿನಲ್ಲಿ ರೋಹಿಣಿ, ಮೃಗಶಿರಾ, ಆರಿದ್ರಾ ನಕ್ಷತ್ರಗಳು ಮೇಲೆ ಬಂದಿರುತ್ತವೆ. ಊರಿನಲ್ಲಿ ಬಿತ್ತನೆಯ ಮಳೆಗಳಿಗೆ ಹೆಸರು ಕೊಟ್ಟ ನಕ್ಷತ್ರಗಳು ಇವೇ. ಮಳೆಯ ದಿನಗಳಲ್ಲಿ ಸೂರ್ಯನು ಆ ನಕ್ಷತ್ರಗಳ ನೆರೆಯಲ್ಲಿ ಇರುವುದರಿಂದ ಅವು ಕಾಣುವುದಿಲ್ಲ. ಆರು ತಿಂಗಳ ಮೇಲೆ ರಾತ್ರಿಯ ಆಕಾಶಕ್ಕೆ ಬರುತ್ತವೆ. ರೋಹಿಣಿಯೂ ಆರಿದ್ರೆಯೂ ನಗರದ ಬೆಳಕಿನಲ್ಲಿಯೂ ಕಾಣುವಷ್ಟು ಉಜ್ವಲ. ಯಾವ ಮಳೆಗೆ ಯಾವ ಬಿತ್ತನೆ ಎಂಬುದು ಅಜ್ಜನಿಗೆ ಗೊತ್ತು. ಗುರುವಿಗೆ ಎಷ್ಟು ಉಪಗ್ರಹಗಳು ಕಂಡವು ಎಂಬುದು ಮೊಮ್ಮಗಳಿಗೆ ಗೊತ್ತು. ಸಾಲಿನಲ್ಲಿ ನಿಂತಿರುವಾಗ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಸಾಕಷ್ಟು ಸಮಯವಿರುತ್ತದೆ.

ನೋಡಿ ಮುಗಿಸಿದ ಮಗು ಬಹುಮಟ್ಟಿಗೆ ಮನೆಗೆ ಹೊರಡುವುದಿಲ್ಲ. ಓಡಿಹೋಗಿ ಸಾಲಿನ ಕೊನೆಯಲ್ಲಿ ಮತ್ತೆ ನಿಲ್ಲುತ್ತದೆ. ಹವ್ಯಾಸಿಗಳು ತಮ್ಮ ಶ್ರಮಕ್ಕೆ ಪಡೆಯುವ ಸಂಭಾವನೆ ಇಷ್ಟೇ. ಅದು ಸಾಕೆಂದು ಅವರು ಮುಂದಿನ ತಿಂಗಳು ಇನ್ನೊಂದು ಶಾಲೆಯ ಅಂಗಳಕ್ಕೆ ಹೊರಡುತ್ತಾರೆ.